ಹಾಕದ ಕೇಸು

ಅಕ್ಕ ಹೋದ ದಿನ ಮೈ ತೊಳೆಯುವಾಗ ಹಿಂದಿನ ಬೀದಿಯಿಂದ ಬಂದಿದ್ದ ಹೆಂಗಸೊಬ್ಬಳು ಅವರ ಬಲಗೈ ಹಿಡಿದುಕೊಂಡು ನೋಡಿದಳು. ಆಮೇಲೆ ನನ್ನ ಕಡೆ ಬಗ್ಗಿ, "ಇವ್ರು ಯಜಮಾನ್ರಲ್ವಾ? ಬೆರಳು ಯಾಕಮ್ಮ ಕೂಲಿಯೋರ ಥರ ಐತೆ?" ಅಂದಳು. ವರ್ಷಗಟ್ಟಲೆ ಬಿಸಿನೀರಿನಲ್ಲಿ ನೆನೆದು ನೆನೆದು ಆ ಬೆರಳುಗಳ ತುದಿ ಬಿಳಿಚಿಕೊಂಡು ಸುಕ್ಕಾಗಿತ್ತು, ಉಗುರಿನ ಅಂಚು ತಿಂದುಹೋಗಿತ್ತು. ಶಿಡ್ಲಘಟ್ಟದಲ್ಲಿ ರೇಷ್ಮೆಗೂಡು ಬೇಯಿಸಿ ನೂಲು ತೆಗೆಯುವವರ ಕೈಯೆಲ್ಲ ಹೀಗೇ ಇರುತ್ತದೆ. ತೆಗೆಸುವವರ ಕೈ ಹೀಗಿರುವುದಿಲ್ಲ.

ಅವರು ನನ್ನ ಗಂಡನ ಅಣ್ಣನ ಹೆಂಡತಿ. ಮದುವೆಯಾಗಿ ಬಂದ ದಿನದಿಂದ ನಾನು ಅಕ್ಕ ಅಂದೇ ಕರೆದೆ. ಭಾವನವರು ಗೂಡಿನ ಮಾರುಕಟ್ಟೆಯಲ್ಲಿ ಹರಾಜು ಕೂಗುತ್ತಿದ್ದಾಗಲೇ ಎದೆ ಹಿಡಿದುಕೊಂಡು ಕುಸಿದು ಹೋದರು. ಆಗ ಅಕ್ಕನಿಗೆ ಮೂವತ್ತೂ ತುಂಬಿರಲಿಲ್ಲ, ಮಕ್ಕಳಿರಲಿಲ್ಲ. ನೆಂಟರೆಲ್ಲ ಗೂಡು ಬೇಯಿಸುವ ಬೇಸಿನ್ನು, ಮೋಟಾರು ಮಾರಿ ತೌರಿಗೆ ಹೋಗು ಅಂದರು. ಅಕ್ಕ ತಿಥಿ ಮುಗಿದ ಮಾರನೆಯ ದಿನ ನೂಲು ತೆಗೆಯುವ ಶೆಡ್ಡಿನ ಬೀಗ ತೆಗೆದು ಒಲೆ ಹಚ್ಚಿಸಿದರು. ಗೂಡು ತರುವ ಕೆಲಸ ನನ್ನ ಗಂಡನದು, ಒಳಗಿನದೆಲ್ಲ ಅಕ್ಕನದು, ಎಸ್ಸೆಸ್ಸೆಲ್ಸಿ ಓದಿದ್ದೆ ಅಂತ ಲೆಕ್ಕ ಬರೆಯುವುದು ನನ್ನ ಪಾಲಿಗೆ ಬಂತು. ಎಂಬತ್ತರ ದಶಕದ ಆ ವರ್ಷಗಳಲ್ಲಿ ಹೆಂಗಸೊಬ್ಬಳು ರೀಲಿಂಗ್ ಶೆಡ್ಡು ನಡೆಸುವುದು ನಮ್ಮ ಬೀದಿಯಲ್ಲಿ ಇನ್ನೆಲ್ಲೂ ಇರಲಿಲ್ಲ.

ಬೆಳಿಗ್ಗೆ ಹೆಂಗಸರು ಬಂದು ಕೂರುವ ಮೊದಲು ಅಕ್ಕ ಬೇಸಿನ್ನಿನಿಂದ ಬೇಸಿನ್ನಿಗೆ ಹೋಗಿ ಪ್ರತಿಯೊಂದರ ನೀರಿಗೂ ಕೈ ಅದ್ದುತ್ತಿದ್ದರು. ಬೆರಳ ತುದಿಯನ್ನಲ್ಲ, ಮಣಿಕಟ್ಟಿನವರೆಗೆ. ಅದ್ದಿದ ಕೈಯನ್ನು ತಕ್ಷಣ ತೆಗೆಯುತ್ತಲೂ ಇರಲಿಲ್ಲ. ಕೆಲಸದವಳು ಒಂದು ಎಳೆ ಹುಡುಕಿ ಹಿಡಿಯಲು ಎಷ್ಟು ಹೊತ್ತು ಬೇಕೋ ಅಷ್ಟು ಹೊತ್ತು ನೀರಿನಲ್ಲೇ ಇಟ್ಟುಕೊಂಡು ನಿಲ್ಲುತ್ತಿದ್ದರು. ತಡೆಯಲಾಗದಿದ್ದರೆ ತಣ್ಣೀರು ಹಾಕಿಸುತ್ತಿದ್ದರು. ನೀರು ಆರಿದರೆ ಎಳೆ ಸರಿಯಾಗಿ ಬಿಚ್ಚಿಕೊಳ್ಳುವುದಿಲ್ಲ, ನೂಲು ಗಂಟಾಗುತ್ತದೆ, ನಷ್ಟ ನಮಗೇ ಅಂತ ನನ್ನ ಗಂಡ ಗೊಣಗುತ್ತಿದ್ದರು. ಒಂದು ದಿನ ನಾನೂ ಅದನ್ನೇ ಹೇಳಿದೆ. ಅಕ್ಕ ಸೆರಗಿನಲ್ಲಿ ಕೈ ಒರೆಸಿಕೊಳ್ಳುತ್ತಾ, "ನೀರು ನಂದು, ಬಿಸಿ ನಂದು. ಕೈ ಮಾತ್ರ ಅವ್ರದು ಕಣೇ," ಅಂದರು.

ಹೀಗೆ ಬರೆದರೆ ಅವರು ಬಹಳ ಮೆದು ಅನ್ನಿಸಬಹುದು. ಹಾಗೇನಿರಲಿಲ್ಲ. ಎಳೆ ಕಡಿದದ್ದನ್ನು ನೋಡಿಯೂ ನೋಡದ ಹಾಗೆ ಕೂತವಳಿಗೆ ಬೀದಿಯ ಕೊನೆಯವರೆಗೂ ಕೇಳುವಂತೆ ಬೈಯುತ್ತಿದ್ದರು. ಟೀ ಪುಡಿ ಡಬ್ಬಿಯ ಬೀಗದ ಕೈ ಅವರ ಸೊಂಟದಲ್ಲೇ ಇರುತ್ತಿತ್ತು. ಶೆಡ್ಡಿನಲ್ಲಿ ರೇಡಿಯೋ ಹಾಕಲು ಬಿಡುತ್ತಿರಲಿಲ್ಲ. ಹಾಡು ಬಂದರೆ ಕಣ್ಣು ಎಳೆ ಬಿಟ್ಟು ಗೋಡೆ ನೋಡುತ್ತೆ ಅನ್ನುತ್ತಿದ್ದರು. ಆದರೆ ಬೈದವಳನ್ನೇ ಸಂಜೆ ತಡೆದು ನಿಲ್ಲಿಸಿ, ಕೈ ತೋರಿಸು ಅಂತ ಹೇಳಿ ಬೆಳಕಿಗೆ ಹಿಡಿದು ಬೆರಳ ಸಂದಿ ನೋಡುತ್ತಿದ್ದರು.

ಅದರಿಂದಲೇ ಹುಟ್ಟಿದ್ದು ಕೈ ಒಣಗಿಸೋ ವಾರ. ದಿನವಿಡೀ ನೀರಿನಲ್ಲಿರುವ ಕೈ ರಾತ್ರಿಯೊಳಗೆ ಒಣಗುವುದಿಲ್ಲ. ಸಂದಿಯಲ್ಲಿ ಕೊಳೆಯುತ್ತದೆ, ಅನ್ನ ಕಲಸಿದರೆ ಉಪ್ಪು ಉರಿಯುತ್ತದೆ. ಹಾಗಾದವಳನ್ನು ಒಂದು ವಾರ ಬೇಸಿನ್ನಿನಿಂದ ಎಬ್ಬಿಸಿ ಒಣ ಕೆಲಸಕ್ಕೆ ಹಾಕುವುದು, ಕೂಲಿ ಮಾತ್ರ ಅದೇ ಕೊಡುವುದು ಅಂತ ಅಕ್ಕ ಮಾಡಿದರು. ಒಣ ಕೆಲಸ ಅಂದರೆ ಗೂಡು ಆರಿಸುವುದು, ಇಲ್ಲವೇ ಒಂದು ಸಲ ಸುತ್ತಿದ ನೂಲನ್ನು ಲಡಿಯಾಗಿ ಮತ್ತೆ ಸುತ್ತುವ ಯಂತ್ರದ ಮುಂದೆ ಕೂರುವುದು. ಬಸುರಿಯರಿಗೆ ಗೂಡು ಆರಿಸುವುದು ಖಾಯಂ. ಆಸ್ಪತ್ರೆಯ ಡಾಕ್ಟರನ್ನು ಕೇಳಿ ಪರ್ಮಾಂಗನೇಟು ತಂದು, ಮನೆಗೆ ಹೋಗುವಾಗ ಎಲ್ಲರೂ ಅದರ ನೀರಿನಲ್ಲಿ ಕೈ ಅದ್ದಿಯೇ ಹೋಗಬೇಕು ಅಂತ ಹೇಳಿದರು. ಕೈಯೆಲ್ಲ ಕಂದುಬಣ್ಣ ಹತ್ತಿಕೊಳ್ಳುತ್ತಿತ್ತು. ಹೆಂಗಸರು ಅದಕ್ಕೆ ಯಜಮಾನಮ್ಮನ ಗೋರಂಟಿ ಅಂತ ಹೆಸರಿಟ್ಟರು. ಮದುವೆಗೆ ಹೋದರೆ ಗಂಡಿನ ಕಡೆಯವರು ಇದ್ಯಾವ ಊರ ಗೋರಂಟಿ ಅಂತ ಕೇಳ್ತಾರಮ್ಮ ಅಂತ ಒಬ್ಬಳು ಅಂದರೆ, ಇನ್ನೊಬ್ಬಳು ಶಿಡ್ಲಘಟ್ಟದ್ದು ಅನ್ನು, ಅಳಿಸಿದ್ರೂ ಹೋಗಲ್ಲ ಅನ್ನು ಅಂತ ನಗುತ್ತಿದ್ದಳು.

ಪಕ್ಕದ ಶೆಡ್ಡು ಖಾದರ್ ಸಾಹೇಬರದು. ಭಾವನವರ ಕಾಲದಿಂದ ಪರಿಚಯ. ಅವರು ನಮ್ಮ ಬಾಗಿಲಲ್ಲಿ ನಿಂತು, "ಏನಮ್ಮಾ, ಇದು ಕಾರ್ಖಾನೆನೋ ಆಸ್ಪತ್ರೆನೋ? ಬೋರ್ಡು ಸರಿಯಾಗಿ ಬರೆಸಿ, ನಮ್ಮ ಕಡೆಯವರೂ ಬಂದು ಮಲಗ್ತಾರೆ," ಅನ್ನುತ್ತಿದ್ದರು. ಅಕ್ಕ ಸೋಲುತ್ತಿರಲಿಲ್ಲ. ನಿಮ್ಮ ಕೈ ಒಂದಿನ ಅದ್ದಿ ನೋಡಿ ಸಾಬರೇ, ಆಮೇಲೆ ನಿಮಗೂ ಮಂಚ ಹಾಕ್ತೀನಿ ಅನ್ನುತ್ತಿದ್ದರು.

ಅಶ್ವತ್ಥಮ್ಮ ಸಾದಲಿ ಕಡೆಯ ಹಳ್ಳಿಯವಳು. ಇಪ್ಪತ್ತೈದರ ಆಸುಪಾಸು. ಗಂಡ ಬಿಟ್ಟುಹೋಗಿದ್ದ, ತಾಯಿ ಮುನೆಮ್ಮನ ಜೊತೆ ಇದ್ದಳು. ಮನೆಮಾತು ತೆಲುಗು. ನಮ್ಮ ಶೆಡ್ಡಿನಲ್ಲಿ ಅವಳಷ್ಟು ಬೇಗ ಎಳೆ ಹಿಡಿಯುವವರು ಇರಲಿಲ್ಲ, ಅವಳಷ್ಟು ಎದುರು ಮಾತಾಡುವವರೂ ಇರಲಿಲ್ಲ. ಅಕ್ಕ ಬೈದರೆ ತಲೆ ತಗ್ಗಿಸುತ್ತಿರಲಿಲ್ಲ. ನಿಮ್ಮ ಗೂಡೇ ಸರಿ ಇಲ್ಲ, ನಿಮ್ಮ ಮೈದುನಪ್ಪನ್ನ ಬೈರಿ ಅನ್ನುತ್ತಿದ್ದಳು. ಅಕ್ಕನಿಗೆ ಅವಳ ಮೇಲೆ ಬಹಳ ಪ್ರೀತಿ. ಹಾಗಂತ ಯಾವತ್ತೂ ಬಾಯಿ ಬಿಟ್ಟು ಹೇಳಿದವರಲ್ಲ.

ಒಂದು ಚಳಿಗಾಲ ಅವಳ ಬೆರಳ ಸಂದಿ ಕೆಂಪಗೆ ಒಡೆದಿತ್ತು. ಅಕ್ಕ ಅವಳನ್ನು ಎಬ್ಬಿಸಿ ಒಣ ಕೆಲಸಕ್ಕೆ ಹೋಗು ಅಂದರು. ಅವಳಿಗೆ ಇಷ್ಟವಿರಲಿಲ್ಲ. ಸುತ್ತುವ ಯಂತ್ರದ ಮುಂದೆ ಕೂತರೆ ನಿದ್ದೆ ಬರುತ್ತೆ, ನನಗೆ ನೀರೇ ಸರಿ ಅಂತ ಜಗಳವಾಡಿದಳು. ಅಕ್ಕ ಅವಳ ರಟ್ಟೆ ಹಿಡಿದು ಕರೆದುಕೊಂಡು ಹೋಗಿ ಯಂತ್ರದ ಮುಂದೆ ಕೂರಿಸಿದರು. ಮೂರನೆಯ ದಿನವೋ ನಾಲ್ಕನೆಯ ದಿನವೋ ಅವಳು ಹಿಂದೆ ಬಿದ್ದ ಲಡಿ ಎತ್ತಿಕೊಳ್ಳಲು ತಿರುಗಿದಾಗ ಸೆರಗು ಮೋಟಾರಿನ ಬೆಲ್ಟಿಗೆ ಸಿಕ್ಕಿತು. ಸೆರಗು ಬಿಡಿಸಿಕೊಳ್ಳಲು ಬಲಗೈ ಹಾಕಿದಳು. ಕೈಯನ್ನು ಚಕ್ರ ಎಳೆದುಕೊಂಡಿತು. ಚಕ್ರ ತಿರುಗಿಸುವ ಮೇಲಿನ ಕಬ್ಬಿಣದ ಶಾಫ್ಟು ಬಗ್ಗಿ ಯಂತ್ರ ನಿಂತಿತು. ಅದು ನಿಂತ ಮೇಲೆಯೇ ನಮಗೆ ಅವಳ ದನಿ ಕೇಳಿದ್ದು.

ಚಿಕ್ಕಬಳ್ಳಾಪುರದ ಆಸ್ಪತ್ರೆಯಲ್ಲಿ ಕಟ್ಟು ಹಾಕಿ ಬೆಂಗಳೂರಿಗೆ ಕಳಿಸಿದರು. ಅಲ್ಲಿ ಕೈಯನ್ನು ಮಣಿಕಟ್ಟಿನಿಂದ ತೆಗೆದರು. ಅಕ್ಕ ಆ ದಿನಗಳಲ್ಲಿ ಮನೆಗೆ ಬರಲೇ ಇಲ್ಲ, ಆಸ್ಪತ್ರೆಯ ವರಾಂಡದಲ್ಲೇ ಮುನೆಮ್ಮನ ಪಕ್ಕ ಟವೆಲು ಹಾಸಿಕೊಂಡು ಮಲಗಿದರು. ನಾನು ಊಟ ತೆಗೆದುಕೊಂಡು ಹೋದಾಗ ಒಂದೇ ಮಾತು ಹೇಳಿದರು. "ನೀರನ್ನೇ ನೋಡ್ತಿದ್ದೆ ಕಣೇ. ಬೆಲ್ಟ್ ಕಡೆ ಒಂದಿನಾನೂ ನೋಡ್ಲಿಲ್ಲ." ಬೆಲ್ಟಿಗೆ ಒಂದು ಕಬ್ಬಿಣದ ಜಾಲರಿ ಹಾಕಿಸಬೇಕೆಂದು ನಮಗೆ ಯಾರಿಗೂ ಹೊಳೆದಿರಲಿಲ್ಲ. ಊರಿನ ಯಾವ ಶೆಡ್ಡಿನಲ್ಲೂ ಇರಲಿಲ್ಲ. ಆದರೆ ಬೇರೆ ಶೆಡ್ಡಿನವರು ಯಾರೂ ಕೈ ವಾಸಿಯಾಗಲೆಂದು ಯಾರನ್ನೂ ಅಲ್ಲಿಗೆ ಎಳೆದುಕೊಂಡು ಹೋಗಿರಲಿಲ್ಲ.

ಅಶ್ವತ್ಥಮ್ಮ ಅಳುತ್ತಿರಲಿಲ್ಲ, ಗೋಡೆಗೆ ಮುಖ ಮಾಡಿಕೊಂಡು ಮಲಗಿರುತ್ತಿದ್ದಳು. ಅವಳನ್ನು ಮಾತಾಡಿಸಬೇಕೆಂದು ಅಕ್ಕ ಒಂದು ದಿನ ಹಳೆಯ ಜಗಳದ ದನಿಯಲ್ಲಿ, "ನಮ್ಮ ಶಾಫ್ಟ್ ಬಗ್ಗಿಸಿಬಿಟ್ಟಲ್ಲೇ, ಅದರ ದುಡ್ಡು ಯಾರ್ ಕೊಡ್ತಾರೆ ಈಗ? ನಿಮ್ಮವ್ವನಾ?" ಅಂದರು. ಅಶ್ವತ್ಥಮ್ಮ ಈ ಕಡೆ ತಿರುಗಿ ಸ್ವಲ್ಪ ನಕ್ಕಳು. ಕೈ ಹೋದ ಮೇಲೆ ನಕ್ಕಿದ್ದು ಅದೇ ಮೊದಲು. ಅಕ್ಕ ಅವತ್ತು ಎರಡು ಇಡ್ಲಿ ತಿಂದರು. ಮುನೆಮ್ಮ ಮಾತ್ರ ನಗಲಿಲ್ಲ.

ಪರಿಹಾರ ಕೊಡಬೇಕು ಅಂತ ಅಕ್ಕ ಮೊದಲ ದಿನವೇ ನಿಶ್ಚಯ ಮಾಡಿದ್ದರು. ಮುನೆಮ್ಮನಿಗೂ ಹೇಳಿದರು. ನಿನ್ನ ಮಗಳಿಗೆ ಪರಿಹಾರ ಕಟ್ತೀನಿ, ನೀನು ಹೆದರಬೇಡ ಅಂದರು. ಮುನೆಮ್ಮ ಯೋಚನೆ ಮಾಡಿ, "ಏ ದೇವುಡಿಕಮ್ಮಾ?" ಅಂದಳು. ಯಾವ ದೇವರಿಗೆ ಅಂತ. ಅವಳಿಗೆ ಗೊತ್ತಿದ್ದ ಪರಿಹಾರ ಜೋಯಿಸರು ಹೇಳುವುದು, ನವಗ್ರಹಕ್ಕೆ ಎಳ್ಳು ದೀಪ ಹಚ್ಚುವುದು. ಅಕ್ಕ ಎಷ್ಟು ಬಿಡಿಸಿ ಹೇಳಿದರೂ ಅವಳು, ದೇವರ ಕಾರ್ಯ ಆಮೇಲೆ ಮಾಡ್ಸಣ ಬಿಡಮ್ಮಾ, ಮೊದ್ಲು ಹುಡುಗಿ ಮನೆಗೆ ಬರ್ಲಿ ಅಂತ ತಲೆ ಆಡಿಸಿದಳು. ನಾವು ಇದನ್ನು ಎಷ್ಟೋ ಸಲ ಹೇಳಿಕೊಂಡು ನಕ್ಕಿದ್ದೆವು.

ಊರಿನ ಬೇರೆ ಶೆಡ್ಡುಗಳ ರೀಲರುಗಳಿಗೆ ಇದು ಹಿಡಿಸಲಿಲ್ಲ. ಆಸ್ಪತ್ರೆ ಖರ್ಚು ಕೊಟ್ಟಿದ್ದೀರಿ, ಕೈಯಲ್ಲಿ ಇಷ್ಟು ಇಟ್ಟು ಕಳಿಸಿ ಅಂದರು. ಖಾದರ್ ಸಾಹೇಬರು ಕೂಡ, ನೀವು ಲೇಬರ್ ಆಫೀಸಿಗೆ ಹೋಗಿ ಕಟ್ಟಿದ್ರೆ ನಾಳೆ ಎಲ್ಲರ ಬಾಗಿಲಿಗೂ ಬರ್ತಾರಮ್ಮ ಅಂದರು. ಅಕ್ಕನಿಗೂ ಅವಳ ಕೈಗೇ ಕೊಡುವ ಆಸೆ ಇತ್ತು. ಆದರೆ ಕೋಲಾರದ ಆ ಆಫೀಸಿನಲ್ಲಿ ಬೇರೆಯೇ ಹೇಳಿದರು. ಹೆಂಗಸಿಗೆ ಬರುವ ಪರಿಹಾರವನ್ನು ಯಜಮಾನರು ನೇರವಾಗಿ ಕೈಗೆ ಕೊಡುವ ಹಾಗಿಲ್ಲ, ಕೊಟ್ಟರೂ ಕೊಟ್ಟ ಲೆಕ್ಕಕ್ಕೆ ಬರುವುದಿಲ್ಲ, ಇಲ್ಲಿ ಕಟ್ಟಬೇಕು, ನಾವು ಅವಳನ್ನು ಕರೆಸಿ ವಿಚಾರಿಸಿ ಕೊಡುತ್ತೇವೆ, ಕಾಯಿದೆ ಇರುವುದೇ ಹಾಗೆ ಅಂದರು. ಹೆಂಗಸಿನ ದುಡ್ಡನ್ನು ಗಂಡನೋ ಅಣ್ಣನೋ ಕಿತ್ತುಕೊಳ್ಳದಿರಲಿ ಅಂತ ಮಾಡಿದ ಕಾಯಿದೆಯಂತೆ. ಅಕ್ಕನಿಗೆ ಅದು ಬಹಳ ಸರಿ ಅನ್ನಿಸಿತು. ಬೇಸಿನ್ನುಗಳಲ್ಲಿ ಅರ್ಧ ಮಾರಿ ಕಟ್ಟಿದರು.

ಅದಕ್ಕಾಗಿ ನಾವಿಬ್ಬರೂ ಚಿಂತಾಮಣಿಯಲ್ಲಿ ಬಸ್ಸು ಬದಲಿಸಿ ಎಷ್ಟು ಸಲ ಕೋಲಾರಕ್ಕೆ ಓಡಾಡಿದೆವೋ. ಒಂದು ಸಲ ಸಾಹೇಬರು ರಜ, ಇನ್ನೊಂದು ಸಲ ಡಾಕ್ಟರ ಸರ್ಟಿಫಿಕೇಟಿನಲ್ಲಿ ಸೀಲಿಲ್ಲ. ಆ ಆಫೀಸಿನಲ್ಲಿ ಎಲ್ಲವನ್ನೂ ಕೇಸು ಅಂತಲೇ ಕರೆಯುತ್ತಿದ್ದರು. ನಿಮ್ಮ ಕೇಸು ಮೇಲೆ ಹೋಗಿದೆ, ನಿಮ್ಮ ಕೇಸು ಕೆಳಗೆ ಬಂದಿದೆ, ಶಿಡ್ಲಘಟ್ಟದ ಕೇಸು ಅಂದ್ರೆ ನೀವೇ ಅಲ್ವಾ ಅಂತ. ಓಡಾಡಿ ಓಡಾಡಿ ಅಕ್ಕನ ಬಾಯಿಗೂ ಅದೇ ಬಂತು. ಮನೆಯಲ್ಲಿ ಕೂಡ, ನಾಳೆ ಕೇಸಿಗೆ ಹೋಗ್ಬೇಕು, ಬೇಗ ಏಳು ಅನ್ನುತ್ತಿದ್ದರು. ದುಡ್ಡು ಕಟ್ಟಿದ ದಿನ ಅವರ ಮುಖ ಹಗುರಾಗಿತ್ತು. ಆಫೀಸಿನ ಪ್ಯೂನಿಗೆ ಎದುರಿನ ಹೋಟೆಲಿನಲ್ಲಿ ಕಾಫಿ ಕೊಡಿಸಿದರು. ಅಶ್ವತ್ಥಮ್ಮನಿಗೆ ನೋಟೀಸು ತೆಗೆದುಕೊಂಡು ಹೋಗಬೇಕಾದವನು ಅವನೇ. ಒಳ್ಳೆಯ ಮನುಷ್ಯ. ಅವರು ಓದಿದವರಲ್ಲವಲ್ಲ, ಏನಂತ ಹೇಳಲಿ ಅಂತ ಕೇಳಿದ. ಅಕ್ಕ ನಗುತ್ತಾ ಅವನಿಗೆ ಮುನೆಮ್ಮನ ದೇವರ ಕಥೆ ಹೇಳಿದರು.

"ಪರಿಹಾರ ಅನ್ಬೇಡಪ್ಪ, ಗ್ರಹಶಾಂತಿ ಅಂದ್ಕೋತಾರೆ. ಯಜಮಾನಮ್ಮನ ಕೇಸು ಅನ್ನು. ಗೊತ್ತಾಗುತ್ತೆ."

ಭಾನುವಾರ ನಾವೇ ಅವರ ಹಳ್ಳಿಗೆ ಹೋಗಿ ಅವರಿಗೆ ಎಲ್ಲ ತಿಳಿಸಿ ಬರೋದು ಅಂತ ಮಾತಾಡಿಕೊಂಡಿದ್ದೆವು. ಪ್ಯೂನು ಅದಕ್ಕೂ ಮೊದಲೇ, ಶುಕ್ರವಾರವೇ ಹೋಗಿದ್ದ. ಭಾನುವಾರ ಅಕ್ಕ ಅವಳಿಗೊಂದು ಸೀರೆ, ಮುನೆಮ್ಮನಿಗೆ ಎಲೆ ಅಡಿಕೆ, ಬಾಳೆಹಣ್ಣು ಹಿಡಿದುಕೊಂಡು ಬಂದಿದ್ದರು. ಮನೆಗೆ ಬೀಗ. ಅಂಗಳದಲ್ಲಿ ಕೋಳಿಯೂ ಇರಲಿಲ್ಲ. ಪಕ್ಕದ ಮನೆಯ ಹೆಂಗಸು ನಮ್ಮನ್ನು ನೋಡಿ ಮೊದಲು ಒಳಗೆ ಹೋದಳು. ಅಕ್ಕ ಬಾಗಿಲ ಬಳಿಯೇ ನಿಂತು ಮತ್ತೆ ಮತ್ತೆ ಕರೆದ ಮೇಲೆ ಈಚೆ ಬಂದು ಹೇಳಿದಳು.

"ಕಾಕಿ ಅಂಗಿ ಪೋಲೀಸಪ್ಪ ಬಂದಿದ್ದ. ಯಜಮಾನಮ್ಮ ಕೇಸ್ ಹಾಕವ್ರೆ, ಹಾಜರಾಗ್ಬೇಕು, ಹೆಬ್ಬೆಟ್ಟು ಒತ್ತು ಅಂದ. ಸಾಫ್ಟ್ ಮುರಿದಾಕಿದ್ಲಂತಲ್ಲ ಇವ್ಳು? ಅದರ ದುಡ್ಡಿಗೆ. ಆಸ್ಪತ್ರೆಲೇ ಹೇಳಿದ್ರಂತೆ ನೀವು, ದುಡ್ಡು ಯಾರ್ ಕೊಡ್ತಾರೆ ಅಂತ. ಇರೋ ಒಂದ್ ಕೈಗೂ ಬೇಡಿ ಹಾಕ್ತಾರೆ ಅಂತ ಮುನೆಮ್ಮ ಎದೆ ಎದೆ ಬಡ್ಕೊಂಡ್ಲು. ರಾತ್ರೋರಾತ್ರಿ ಊರು ಬಿಟ್ರು."

ಅಕ್ಕ ಅಲ್ಲೇ ಜಗಲಿಯ ಮೇಲೆ ಕೂತರು. ಅಷ್ಟು ಹೊತ್ತೂ ಸೀರೆಯ ಕವರು ಮಡಿಲಲ್ಲೇ ಇತ್ತು. ನಾನು ಆ ಹೆಂಗಸಿಗೆ ನಿಜ ಏನು ಅಂತ ವಿವರಿಸಿದೆ, ಪೋಲೀಸಲ್ಲ ಪ್ಯೂನು ಅಂದೆ, ದುಡ್ಡು ಕೊಡೋಕೆ ಕರೆದದ್ದು ಅಂದೆ. ಅವಳು ಹೂಂ ಹೂಂ ಅಂದಳು. ನಂಬಲಿಲ್ಲ ಅಂತ ಅವಳ ಮುಖದಲ್ಲೇ ಕಾಣುತ್ತಿತ್ತು. ಕೊಡೋಕೆ ಯಾರಾದ್ರೂ ಕೇಸ್ ಹಾಕ್ತಾರಾ?

ಅಲ್ಲಿಂದ ಮುಂದೆ ಅಕ್ಕ ಬೇರೆಯೇ ಆದರು. ಬೆಳಿಗ್ಗೆ ನೀರು ನೋಡುವುದು ಬಿಡಲಿಲ್ಲ, ಬೆಲ್ಟಿಗೆಲ್ಲ ಜಾಲರಿ ಹಾಕಿಸಿದರು. ಒಣ ಕೆಲಸಕ್ಕೆ ಹೋಗಲು ಹೆಂಗಸರು ಹೆದರಿದಾಗ ತಾವೇ ಹೋಗಿ ಆ ಯಂತ್ರದ ಮುಂದೆ ಕೂತರು. ಆದರೆ ವಾರಕ್ಕೊಮ್ಮೆ ಸಂತೆಯ ಚೀಲ ಹಿಡಿದು ಯಾವುದೋ ಬಸ್ಸು ಹತ್ತುತ್ತಿದ್ದರು. ಬಲಗೈ ಇಲ್ಲದ ಹೆಂಗಸು, ಜೊತೆಗೊಬ್ಬಳು ಮುದುಕಿ, ತೆಲುಗು ಮಾತು ಅಂತ ಕೇಳುತ್ತಾ ಹೋಗುವುದು. ಸಾದಲಿಯ ಸುತ್ತಿನ ಊರುಗಳು ಮುಗಿದವು. ಚಿಂತಾಮಣಿಯ ಮಂಡಿಗಳಲ್ಲಿ ಕೇಳಿದರು. ಗೌರಿಬಿದನೂರಿನ ಸಂತೆಗೆ ಹೋದರು. ಖಾದರ್ ಸಾಹೇಬರ ನೆಂಟರು ಹಿಂದೂಪುರದಲ್ಲಿದ್ದರು. ನೀವೊಬ್ಬರೇ ಆಂಧ್ರಕ್ಕೆ ಹೋಗೋದು ಬೇಡಮ್ಮ ಅಂತ ಸಾಹೇಬರು ತಮ್ಮ ಶೆಡ್ಡು ಬಿಟ್ಟು ಜೊತೆಗೆ ಹೋಗಿ ಬಂದರು. ಆಸ್ಪತ್ರೆ ಬೋರ್ಡಿನ ತಮಾಷೆ ಆಮೇಲೆ ಅವರ ಬಾಯಲ್ಲಿ ಬರಲಿಲ್ಲ.

ಕೇಳಿದ ಕಡೆಯೆಲ್ಲ ಜನ ಮೊದಲು ಕೇಳುತ್ತಿದ್ದದ್ದು ಒಂದೇ. ಏನ್ ಕದ್ಕೊಂಡು ಹೋದ್ಲು? ಒಳ್ಳೆಯ ಸೀರೆ ಉಟ್ಟ ಹೆಂಗಸು ಕೂಲಿಯವಳನ್ನು ಹುಡುಕಿಕೊಂಡು ಬಂದಿದ್ದಾಳೆ ಅಂದರೆ ಇನ್ನೇನಿರುತ್ತದೆ? ಅಕ್ಕ ಹಳೆಯ ಸೀರೆ ಉಟ್ಟುಕೊಂಡು ಹೋಗಲು ಶುರುಮಾಡಿದರು. ಆಗ, ನಿಮಗೆಷ್ಟು ಕೊಡ್ಬೇಕು ಅವ್ಳು ಅಂತ ಕೇಳಿದರಂತೆ. ನಾನೇ ಕೊಡ್ಬೇಕು ಅಂದರೆ ನಗುತ್ತಿದ್ದರಂತೆ. ಗೊತ್ತಿದ್ದವರು ಗೊತ್ತಿಲ್ಲ ಅನ್ನುತ್ತಿದ್ದರು. ಬಡವರನ್ನು ಬಡವರು ಕಾಯುತ್ತಿದ್ದರು. ಅಕ್ಕನಿಗೆ ಅದೂ ಅರ್ಥವಾಗುತ್ತಿತ್ತು. ಒಳ್ಳೇ ಜನ ಕಣೇ, ಬಿಟ್ಟುಕೊಡಲ್ಲ ಅಂತ ಹೇಳಿ ಗೋಡೆಗೆ ಒರಗಿ ಕಣ್ಣು ಮುಚ್ಚುತ್ತಿದ್ದರು.

ಒಂದು ಬೇಸಿಗೆಯಲ್ಲಿ ಅಕ್ಕ ತೊಂಡೇಬಾವಿಯಿಂದ ಬಂದವರೇ ಚಪ್ಪಲಿ ಕೂಡ ಬಿಡದೆ ನಡುಮನೆಯಲ್ಲಿ ಕೂತುಬಿಟ್ಟರು. ರೈಲ್ವೆ ಸ್ಟೇಷನ್ನಿನ ಆಚೆ ಇಟ್ಟಿಗೆ ಸುಡುವ ಕಡೆ ಒಂಟಿಕೈ ಹೆಂಗಸೊಬ್ಬಳಿದ್ದಾಳೆ ಅಂತ ಯಾರೋ ಹೇಳಿದ್ದರಂತೆ. ಹೋಗಿ ಗುಡಿಸಲು ಗುಡಿಸಲಿಗೂ ಕೇಳಿದ್ದಾರೆ. ಎಲ್ಲರೂ ಇಲ್ಲ ಅಂದರು. ಕೊನೆಯ ಒಂದು ಗುಡಿಸಲಿನ ಸೂರಿನಲ್ಲಿ ಒಲೆಯ ಹೊಗೆ ಬರುತ್ತಿತ್ತಂತೆ, ಬಾಗಿಲು ಮುಚ್ಚಿತ್ತಂತೆ.

"ಒಳಗ್ಯಾರೋ ಇದ್ರು ಕಣೇ. ಬಾಯಾರಿತ್ತು, ಒಂದು ಲೋಟ ನೀರು ಕೊಡ್ರವ್ವಾ ಅಂದೆ. ಒಳಗಿಂದ ಚಿಲಕ ಹಾಕ್ಕೊಂಡ್ರು."

ಅವಳೇ ಇರಬಹುದಾ ಅಂತ ನಾನು ಕೇಳಿದೆ. ಅಕ್ಕ ತಲೆ ಅಲ್ಲಾಡಿಸಿದರು. ಅವಳಾದ್ರೆ ನೀರು ಕೊಡ್ತಿದ್ಲು, ಎಷ್ಟೇ ಜಗಳ ಆಡಿದ್ರೂ ನೀರು ಕೊಡ್ತಿದ್ಲು ಅಂದರು. ಮಾರನೆಯ ವಾರ ಮತ್ತೆ ಹೋದರು. ಆ ಗುಡಿಸಲು ಖಾಲಿಯಾಗಿತ್ತು.

ಖಾದರ್ ಸಾಹೇಬರು ಆಗ ಒಂದು ಮಾತು ಹೇಳಿದರು. ಹೇಳಲು ಅವರಿಗೇ ಕಷ್ಟವಾಗುತ್ತಿತ್ತು. "ಅಮ್ಮಾ, ನೀವು ಹೋದಷ್ಟೂ ಅವರು ಮುಂದಕ್ಕೆ ಹೋಗ್ತಾವ್ರೆ. ಹುಡುಕೋದು ನಿಲ್ಸಿ. ಅಷ್ಟಾದ್ರೂ ಒಂದು ಕಡೆ ಕೂತು ತಿನ್ಲಿ." ಆಮೇಲೆ ಅಕ್ಕ ಬಸ್ಸು ಹತ್ತುವುದು ನಿಲ್ಲಿಸಿದರು. ಬದಲಿಗೆ ಗೂಡು ತರುವ ರೈತರ ಹತ್ತಿರ, ಸೌದೆ ಗಾಡಿಯವರ ಹತ್ತಿರ, ನೂಲು ತೆಗೆದ ಮೇಲೆ ಉಳಿದ ಹುಳು ಕೊಳ್ಳಲು ಬರುವವರ ಹತ್ತಿರ ಹೇಳಿ ಕಳಿಸಲು ಶುರುಮಾಡಿದರು. ಮೊದಮೊದಲು ಅವರು ಹೇಳುತ್ತಿದ್ದದ್ದು ನಿಜವನ್ನೇ, ಕೋಲಾರದಲ್ಲಿ ನಿನ್ನ ದುಡ್ಡಿದೆ, ಬಂದು ತಗೋ ಅಂತ. ಅದು ಬಲೆ ಹಾಕಿದಂತೆ ಕೇಳಿಸುತ್ತದೆ ಅಂತ ಅವರಿಗೇ ಹೊಳೆಯಿತು. ಒಂದು ಸಂಜೆ ನನ್ನ ಗಂಡನನ್ನು ಕರೆದು, ನಾಳೆಯಿಂದ ಮಾರುಕಟ್ಟೇಲಿ ಎಲ್ಲರಿಗೂ ಬೇರೆ ಥರ ಹೇಳು, ಯಜಮಾನಮ್ಮ ಕೇಸು ವಾಪಸ್ ತಗೊಂಡ್ರು ಅಂತ ಹೇಳು ಅಂದರು.

ನನ್ನ ಗಂಡ ಎದ್ದು ನಿಂತರು. "ಹಾಕದೇ ಇರೋ ಕೇಸನ್ನ ವಾಪಸ್ ತಗೊಂಡೆ ಅಂದ್ರೆ ಹಾಕಿದ್ದು ನಿಜ ಅಂದಂಗಾಯ್ತಲ್ಲ ಅತ್ತಿಗೆ. ಕೈ ಕಳ್ಕೊಂಡೋಳ ಮೇಲೆ ಕೇಸ್ ಹಾಕಿದ್ಲು ಅಂತ ಊರೆಲ್ಲ ಉಗೀತಾರೆ."

"ಉಗೀಲಿ ಬಿಡಪ್ಪ," ಅಂದರು ಅಕ್ಕ. "ಅವ್ಳು ಹೆದರ್ಕೊಂಡಿರೋದಕ್ಕಿಂತ ಅದು ವಾಸಿ."

ಊರು ಉಗಿಯಿತು. ಗೊತ್ತಿದ್ದವರಿಗೆ ಗೊತ್ತಿತ್ತು, ಆದರೆ ಮಾತು ದೂರ ಹೋದಷ್ಟೂ ಗೊತ್ತಿಲ್ಲದವರೇ ಹೆಚ್ಚು. ಹೊಸದಾಗಿ ಕೆಲಸ ಕೇಳಿಕೊಂಡು ಬಂದವಳೊಬ್ಬಳು, ಕೈ ಹೋದ್ರೆ ಕೇಸ್ ಹಾಕೋ ಶೆಡ್ಡು ಇದೇನಾ ಅಂತ ಬಾಗಿಲಲ್ಲಿ ನನ್ನನ್ನೇ ಕೇಳಿದಳು. ಒಳಗಿದ್ದ ಅಕ್ಕನಿಗೆ ಕೇಳಿಸಿತು. "ಹೂಂ ಕಣಮ್ಮ, ಇದೇ. ವಾಪಸ್ ತಗೊಂಡಿದ್ದೀವಿ. ಬಾ, ಕೈ ತೋರಿಸು," ಅಂದರು.

ಅಶ್ವತ್ಥಮ್ಮ ಬರಲಿಲ್ಲ. ವರ್ಷಗಳು ಹೋದವು. ತೊಂಬತ್ತರ ದಶಕ ಬಂತು, ನೂಲಿನ ಬೆಲೆ ಏರಿತು, ಇಳಿಯಿತು. ಶೆಡ್ಡಿನ ಹೊಗೆ, ಹುಳುವಿನ ವಾಸನೆ, ಗೂಡಿನ ದೂಳು ಎಲ್ಲ ಸೇರಿ ಅಕ್ಕನ ಎದೆಗೆ ಬಂತು. ಡಾಕ್ಟರು ಶೆಡ್ಡಿಗೆ ಕಾಲಿಡಬೇಡಿ ಅಂದರು. ಹಾಗಾದ್ರೆ ನೀರು ಯಾರು ನೋಡ್ತಾರೆ ಅಂತ ಅಕ್ಕ ಕೇಳಿದರು. ಡಾಕ್ಟರಿಗೆ ಅದು ಯಾವ ನೀರು ಅಂತ ಗೊತ್ತಾಗಲಿಲ್ಲ.

ಕೊನೆಯ ತಿಂಗಳುಗಳಲ್ಲಿ ದಿಂಬಿಗೆ ಒರಗಿಯೇ ಕೂತಿರುತ್ತಿದ್ದರು. ಉಸಿರಿಗೆ ಒದ್ದಾಡುವಾಗಲೂ ಬೀದಿಯ ಕಡೆ ಕಿಟಕಿ ಮುಚ್ಚಲು ಬಿಡುತ್ತಿರಲಿಲ್ಲ. ಗೇಟಿನ ಸದ್ದಾದರೆ ನನ್ನ ಮುಖ ನೋಡುತ್ತಿದ್ದರು. ನಾನು ಹಾಲಿನವನು ಅನ್ನುತ್ತಿದ್ದೆ, ಮೀಟರಿನವನು ಅನ್ನುತ್ತಿದ್ದೆ. ಒಂದೊಂದು ಸಲ ಸುಳ್ಳು ಹೇಳಿ, ಅವಳು ಬಂದಿದ್ದಾಳೆ ಅಂದುಬಿಡಲೇ ಅನ್ನಿಸುತ್ತಿತ್ತು. ಅಂದಿದ್ದರೂ ಅವರು ಕೈ ತೋರಿಸು ಅನ್ನುತ್ತಿದ್ದರು. ಅವರು ಹೋದದ್ದು ಬೆಳಗಿನ ಹೊತ್ತು, ಒಲೆ ಹಚ್ಚುವ ಸಮಯ. ಅವತ್ತು ನಮ್ಮ ಬೀದಿಯಲ್ಲಿ ಯಾವ ಶೆಡ್ಡೂ ನಡೆಯಲಿಲ್ಲ. ಖಾದರ್ ಸಾಹೇಬರು ತಮ್ಮ ಬಾಯ್ಲರ್ ಆರಿಸಿ ಬಂದು ನಮ್ಮ ಜಗಲಿಯ ಮೇಲೆ ಸಂಜೆಯವರೆಗೂ ಕೂತಿದ್ದರು.

ಹನ್ನೊಂದನೆಯ ದಿನದ ಕಾರ್ಯ ಮುಗಿದು ಒಂದು ವಾರವಾಯಿತು. ಇವತ್ತು ಮಧ್ಯಾಹ್ನ ಗೇಟಿನ ಸದ್ದಾಯಿತು. ನಾನು ಅಭ್ಯಾಸಬಲದಿಂದ ಕಿಟಕಿಯ ಪಕ್ಕದ ಮಂಚ ನೋಡಿ, ಆಮೇಲೆ ಹೊರಗೆ ಹೋದೆ. ಕೂದಲು ನೆರೆತ, ಬಿಸಿಲಿಗೆ ಕಪ್ಪಾದ ಹೆಂಗಸು ನಿಂತಿದ್ದಳು. ಬಲಗಡೆಗೆ ಸೆರಗು ಇಳಿಬಿಟ್ಟಿದ್ದಳು. ಅವಳು ಮಾತಾಡುವವರೆಗೆ ನನಗೆ ಗುರುತು ಹತ್ತಲಿಲ್ಲ.

"ಚಿಕ್ಕಮ್ಮೋರೇ, ನಾನು ಅಶ್ವತ್ಥಮ್ಮ. ಅಮ್ಮೋರು ಹೋದ್ರಂತೆ. ಕೇಸ್ ಹಾಕ್ದೋರು ಹೋದ್ರೆ ಕೇಸೂ ಹೋಗುತ್ತಂತೆ, ನಾವಿರೋ ಊರಲ್ಲಿ ಯಾರೋ ಹೇಳಿದ್ರು. ಅದಕ್ಕೆ ಧೈರ್ಯ ಮಾಡಿ ಬಂದೆ. ಮುಖ ಸಿಗಲ್ಲ, ಫೋಟೋನಾದ್ರೂ ನೋಡಣ ಅಂತ."

ವಾಪಸ್ ತಗೊಂಡ ಸುದ್ದಿ ಅವಳಿಗೂ ತಲುಪಿತ್ತಂತೆ. ಹಿಡಿಯೋಕೆ ಹಂಗಂತಾರೆ ಅಂತ ಮುನೆಮ್ಮ ನಂಬಲು ಬಿಡಲಿಲ್ಲವಂತೆ. ಮುನೆಮ್ಮ ತೀರಿಕೊಂಡು ಎರಡು ವರ್ಷವಾಯಿತಂತೆ. ಕೇಸ್ ಹಾಕಿದ್ರೂ ನಂಗೆ ಅಮ್ಮೋರ ಮೇಲೆ ಕೋಪ ಇಲ್ಲ, ಶಾಫ್ಟು ಮುರಿದಿದ್ದು ನಾನೇ ಅಲ್ವಾ ಅಂದಳು. ನಾನು ಅವಳನ್ನು ಒಳಗೆ ಕರೆದು ಕೂರಿಸಿ, ಮೊದಲಿನಿಂದ ಹೇಳಿದೆ. ಪರಿಹಾರ, ಕೋಲಾರ, ಪ್ಯೂನು, ಆ ಒಂದು ಮಾತು. ಭಾನುವಾರದ ಸೀರೆ. ಬಸ್ಸುಗಳು. ಅವಳು ಎಡಗೈಯನ್ನು ನೆಲಕ್ಕೆ ಊರಿ ತಲೆ ಬಗ್ಗಿಸಿಕೊಂಡು ಕೇಳಿದಳು. ನಾನು ತೊಂಡೇಬಾವಿ ಅಂದಾಗ ತಲೆ ಎತ್ತಿದಳು.

"ಬಾಗಿಲ ಸಂದೀಲಿ ನೋಡ್ತಿದ್ದೆ ಚಿಕ್ಕಮ್ಮಾ," ಅಂದಳು. "ಬಿಸಿಲಲ್ಲಿ ನಿಂತಿದ್ರು. ಹಳೇ ಸೀರೆ ಉಟ್ಟಿದ್ರು. ನನ್ನಿಂದ ಬಡವರಾಗವ್ರೆ, ಅದಕ್ಕೇ ಬಿಡದೆ ಹುಡುಕ್ತಾವ್ರೆ ಅಂದ್ಕೊಂಡೆ. ನೀರು ಕೇಳಿದ್ರು. ಚೊಂಬು ತಗೊಂಡಿದ್ದೆ. ನಮ್ಮವ್ವ ಕೈ ಹಿಡ್ಕೊಂಡ್ಲು."

ನಾಳೆ ಬೆಳಿಗ್ಗೆ ಚಿಂತಾಮಣಿಯ ಬಸ್ಸಿಗೆ ಹೋಗಣ, ಅಲ್ಲಿಂದ ಕೋಲಾರಕ್ಕೆ, ನಿನ್ನ ದುಡ್ಡು ಅಲ್ಲೇ ಇದೆ ಅಂತ ನಾನು ಅಂದೆ. ಅವಳು ಅದಕ್ಕೆ ಹೂಂ ಅಂದಳೋ ಇಲ್ಲವೋ ಗೊತ್ತಾಗಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ಎದ್ದು, ಯಾರನ್ನೂ ಕೇಳದೆ ಅಡುಗೆಮನೆಗೆ ಹೋದಳು. ಶೆಡ್ಡಿನಲ್ಲಿದ್ದ ಕಾಲದಲ್ಲಿ ಅವಳು ಆ ಹೊಸ್ತಿಲು ದಾಟಿದವಳಲ್ಲ. ಹಂಡೆಯಿಂದ ಲೋಟ ತುಂಬಿಕೊಂಡು, ಎಡಗೈಯಲ್ಲಿ ಹಿಡಿದು, ಚೆಲ್ಲದ ಹಾಗೆ ನಿಧಾನವಾಗಿ ನಡೆದು ಬಂದು ಅಕ್ಕನ ಫೋಟೋದ ಮುಂದೆ ಇಟ್ಟಳು. ಇಟ್ಟು, ಲೋಟವನ್ನು ಬಿಡಲಿಲ್ಲ. ಅಕ್ಕ ನೀರು ಕುಡಿದು ಲೋಟ ವಾಪಸು ಕೊಡುವವರೆಗೆ ಕಾಯುವ ಹಾಗೆ ಹಿಡಿದುಕೊಂಡೇ ಕೂತಿದ್ದಾಳೆ.